ಎರಡು ಬೆರಳಿನ ಅಂತರ

ಗೊಂಬೆಯ ಕೈ ಕೆನ್ನೆಯ ಹತ್ತಿರ ಬಂದು ಮತ್ತೆ ನಿಂತುಬಿಟ್ಟಿತು. ಮೇಜಿನ ಕೆಳಗೆ ಮುದುರಿ ಕೂತಿದ್ದ ಅಕ್ಕನ ಕೈ ಗೊಂಬೆಯ ತಲೆಯೊಳಗಿತ್ತು, ತಂಗಿಯದು ತೋಳಿನೊಳಗೆ. ಎದುರಿನ ಮಾನಿಟರಿನಲ್ಲಿ ಎರಡು ಬೆರಳಿನ ಅಂತರ ಎದ್ದು ಕಾಣುತ್ತಿತ್ತು.

“ತನ್ನ ಕೆನ್ನೆ ತಾನು ಮುಟ್ಕೊಳ್ಳೋಕೆ ಏನು ಬಿಗುಮಾನ ಇವಳಿಗೆ?” ನಿರ್ದೇಶಕ ರೇಗಿದ. “ಇದೇ ಕೊನೇ ಟೇಕು. ಆಗ್ಲಿಲ್ಲ ಅಂದ್ರೆ ದೃಶ್ಯಾನೇ ಕಿತ್ತುಹಾಕ್ತೀನಿ.”

ಇಬ್ಬರ ಉಸಿರು ಒಂದಾದರೆ ಮಾತ್ರ ಗೊಂಬೆಗೆ ಜೀವ ಎಂದು ಕಲಿಸಿದವಳು ಅಕ್ಕನೇ. ಆದರೆ ಬೇರೆ ತಂಡ ಸೇರುತ್ತೇನೆಂದು ತಂಗಿ ಬೆಳಿಗ್ಗೆ ಹೇಳಿದಾಗಿನಿಂದ ಅಕ್ಕ ಅವಳೊಂದಿಗೆ ಮಾತು ಬಿಟ್ಟಿದ್ದಳು.

“ಅಕ್ಕಾ, ಉಸಿರು ಬಿಗಿಹಿಡಿದಿದ್ದೀಯ,” ತಂಗಿ ಪಿಸುಗುಟ್ಟಿದಳು. “ಅದು ಕೇಳಿಸ್ದೆ ನಂಗೆ ಕೈ ಎತ್ತೋಕೇ ಆಗಲ್ಲ.”

ಅಕ್ಕ ಉಸಿರೆಳೆದಳು. ತಂಗಿಯೂ ಎಳೆದಳು. ಗೊಂಬೆ ತಲೆ ವಾಲಿಸಿ, ತನ್ನ ಅಂಗೈಗೆ ಕೆನ್ನೆ ಒರಗಿಸಿತು.

ನಿರ್ದೇಶಕ ‘ಕಟ್’ ಎಂದ ಮೇಲೂ ಇಬ್ಬರೂ ಕೈ ಇಳಿಸಲಿಲ್ಲ.