ತಿಳಿನೀರು

"ಹೊಂಡದ್ದು ಕುಡಿದೆ, ಅಲ್ವಾ?" ತಿಯೋಫಿಲೋ ಕೇಳಿದ.

ಗುಡಾರದೊಳಗೆ ಮಲಗಿದ್ದ ನಿಕಾನೋರ್ ಇಲ್ಲವೆಂದು ತಲೆಯಾಡಿಸಿದ. ಬೆಳಗಿನಿಂದ ಏಳು ಸಲ ವಾಂತಿಯಾಗಿತ್ತು. ತಿಯೋಫಿಲೋ ನಂಬಲಿಲ್ಲ. ಮಾತ್ರೆ ಹಾಕಿದ ನೀರು ಕುಡಿದವನಿಗೆ ಹೀಗಾಗಲು ಹೇಗೆ ಸಾಧ್ಯ?

ಇಬ್ಬರೂ ಪೆರುವಿನಿಂದ ನೆವಾಡಾದ ಬೆಟ್ಟಕ್ಕೆ ಬಂದ ಕುರಿಗಾಹಿಗಳು. ತಿಯೋಫಿಲೋಗೆ ಇದು ಹನ್ನೊಂದನೆಯ ಬೇಸಿಗೆ. ಅವನ ತಂಗಿಯ ಗಂಡ ನಿಕಾನೋರ್‌ಗೆ ಮೊದಲನೆಯದು. ಈ ಕಣಿವೆ ಮಾತ್ರ ಇಬ್ಬರಿಗೂ ಹೊಸದು. ಹೊರಡುವಾಗ ತಂಗಿ ಬೇರೇನೂ ಕೇಳಿರಲಿಲ್ಲ. ಇವನನ್ನು ಜೀವಂತ ಕರೆದುಕೊಂಡು ಬಾ ಎಂದಿದ್ದಳು.

ಕುರಿಗಳು ಕುಡಿಯುವುದು ಕಣಿವೆಯ ತಳದ ಹೊಂಡದಲ್ಲಿ. ಹಿಕ್ಕೆ ತೇಲುವ ಕೆಸರು. ಇಳಿಜಾರಿನ ಮೇಲೆ, ಕೊಳೆತ ಮರದ ತೊಲೆಗಳ ಸಂದಿಯಿಂದ ಒಂದು ಒರತೆ ಜಿನುಗುತ್ತಿತ್ತು. ತಳದ ಕಲ್ಲು ಎಣಿಸಬಹುದಾದಷ್ಟು ತಿಳಿ. ಪಾಚಿಯಿಲ್ಲ, ಸೊಳ್ಳೆಯಿಲ್ಲ. ಆದರೂ ತಿಯೋಫಿಲೋ ಅದನ್ನು ನಿಕಾನೋರ್‌ಗೆ ಹಾಗೇ ಕುಡಿಸುವವನಲ್ಲ. ಸೀಸೆಗೊಂದು ಹುಳ ಕೊಲ್ಲುವ ಅಯೋಡಿನ್ ಮಾತ್ರೆ ಹಾಕಬೇಕು, ಕುಲುಕಬೇಕು, ಅರ್ಧ ಗಂಟೆ ಕಾಯಬೇಕು, ಮುಚ್ಚಳ ಸಡಿಲಿಸಿ ಸೀಸೆಯ ಬಾಯಿಗೂ ಅದೇ ನೀರು ಹರಿಸಬೇಕು. ಮಾತ್ರೆ ಇದ್ದದ್ದು ಸ್ವಲ್ಪ. ತನ್ನದು ಪಳಗಿದ ಹೊಟ್ಟೆ ಎಂದುಕೊಂಡು, ತಾನು ಹೊಂಡದ ನೀರನ್ನೇ ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದ.

"ಭಾವ, ನಿನ್ನ ನೀರು ಆಸ್ಪತ್ರೆ ನೆಲ ಒರೆಸಿದ ಬಟ್ಟೆ ಹಿಂಡಿದ ಹಾಗಿದೆ," ಎಂದು ನಿಕಾನೋರ್ ಮೊದಮೊದಲು ನಗುತ್ತಿದ್ದ. "ಕುರಿಗಳಿಗಿರೋ ಭಾಗ್ಯ ನನಗಿಲ್ಲ."

ಈಗ ನಗುವ ಶಕ್ತಿ ಇರಲಿಲ್ಲ. ತಿಯೋಫಿಲೋ ಸೀಸೆಗೆ ಎರಡು ಮಾತ್ರೆ ಹಾಕತೊಡಗಿದ. ಅರ್ಧ ಗಂಟೆಯನ್ನು ನಾಲ್ಕು ಗಂಟೆ ಮಾಡಿದ. ಪಕ್ಕದಲ್ಲೇ ಕೂತು, ತಲೆ ಎತ್ತಿ ಹಿಡಿದು, ಗುಟುಕು ಗುಟುಕಾಗಿ ಕುಡಿಸಿದ. ಮೈಯ ನೀರೆಲ್ಲ ಹೋಗ್ತಿದೆ, ಕುಡಿಯದಿದ್ದರೆ ಉಳಿಯಲ್ಲ ಎಂದು ಗದರಿದ. ಫೋನಿಗೆ ಸಿಗ್ನಲ್ ಸಿಗುವ ದಿಣ್ಣೆ ಒಂದು ದಿನದ ದಾರಿ. ಬಿಟ್ಟು ಹೋದರೆ ಇವನಿಗೆ ಕುಡಿಸುವವರು ಯಾರು? ಸಾಮಾನಿನ ಗಾಡಿ ಬರಲು ಇನ್ನೂ ಮೂರು ದಿನವಿತ್ತು.

"ಹೊಂಡದ್ದೇ ಕೊಡು, ಭಾವ," ಎಂದ ನಿಕಾನೋರ್ ಮಾರನೆಯ ದಿನ.

"ಸಾಯೋಕಾ?"

ಅವನು ಮತ್ತೆ ಕೇಳಲಿಲ್ಲ. ಕೊಟ್ಟದ್ದನ್ನು ಕುಡಿದ.

ಗಾಡಿ ಬಂದಾಗ ನಿಕಾನೋರ್‌ನ ಮುಖದ ಮೇಲೆ ಕಂಬಳಿ ಎಳೆದಾಗಿತ್ತು. ಸಾಮಾನು ತರುವ ಮುದುಕ ಇರಿಗೋಯೆನ್ ಟೋಪಿ ತೆಗೆದು ನಿಂತ. ಈ ಬೆಟ್ಟದಲ್ಲೇ ಹುಟ್ಟಿ ಬೆಳೆದವನು. ತಿಯೋಫಿಲೋ ಒಂದೇ ಸಮನೆ ಹೇಳುತ್ತಿದ್ದ: ಇವನು ಕದ್ದು ಹೊಂಡದ ನೀರು ಕುಡಿದಿರಬೇಕು, ತಾನು ಕೊಟ್ಟದ್ದೆಲ್ಲ ಮೇಲಿನ ಒರತೆಯದು, ಒಂದು ಹುಳವೂ ಉಳಿಯದ ಹಾಗೆ ಮಾತ್ರೆ ಹಾಕಿದ್ದು.

ಮುದುಕ ಇಳಿಜಾರಿನ ಕಡೆ ನೋಡಿದ.

"ಅದು ಒರತೆ ಅಲ್ಲಪ್ಪ, ಹಳೇ ಗಣಿಯ ಬಾಯಿ," ಎಂದ. "ಅದರಲ್ಲಿ ಯಾವತ್ತೂ ಹುಳ ಇರಲಿಲ್ಲ. ಇರೋದು ಪಾಷಾಣ."