ಏಳರಿಂದ ಗುಣಿಸಿದರೆ

ಶಂಶುದ್ದೀನ್ ಮಾಸ್ತರರ ಸೀಮೆಸುಣ್ಣ ಇನ್ನೂ ಗೋಡೆಗೆ ತಾಗಿರಲಿಲ್ಲ. ಅಷ್ಟರಲ್ಲೇ ಪೊಲೀಸ್ ಠಾಣೆಯ ಅಮೀನ ಗಡಿಗೆಪ್ಪ ಅವರ ಮಣಿಕಟ್ಟು ಹಿಡಿದ.

ಮಾನ್ವಿ ಪೇಟೆಯ ಆ ಗೋಡೆ ಆರು ದಿನಗಳಿಂದ ಅವನ ನಿದ್ದೆ ಕೆಡಿಸಿತ್ತು. ದಿನಕ್ಕೊಂದು ಉದ್ದನೆಯ ಸಂಖ್ಯೆ. ಮೊದಲು ೧೪೨೮೫೭. ಮರುದಿನ ೨೮೫೭೧೪. ಅದರ ಕೆಳಗೆ ೪೨೮೫೭೧. ಅಂಕಿಗಳು ಅವೇ, ಕೂತ ಜಾಗ ಮಾತ್ರ ಬೇರೆ. ೧೯೪೮ರ ಬೇಸಿಗೆ ಅದು. ನಿಜಾಮನ ಸರ್ಕಾರದ ವಿರುದ್ಧ ಎದ್ದವರು ದೇವದುರ್ಗದ ಕಡೆ ಎರಡು ಸುಂಕದ ನಾಕಾ ಸುಟ್ಟಿದ್ದರು. ಮಾನ್ವಿಯ ನಾಕಾಕ್ಕೂ ಕಿಡಿ ಬಿದ್ದರೆ ಸೊಂಟದ ಪಟ್ಟಿ ಬಿಚ್ಚಿಸುತ್ತೇನೆಂದು ರಾಯಚೂರಿನ ದೊಡ್ಡ ಸಾಹೇಬರು ಗಡಿಗೆಪ್ಪನಿಗೆ ಹೇಳಿಕಳಿಸಿದ್ದರು.

ಅಂದು ಸಂತೆ. ಜನ ಸುತ್ತ ನೆರೆದರು.

“ಏನ್ರಿ ಮಾಸ್ತರ, ಯಾರಿಗೆ ಬರ್ಯಾಕತ್ತೀರಿ ಇದನ್ನ? ಎಷ್ಟು ಬಂದೂಕಿನ ಲೆಕ್ಕ?”

“ಬಂದೂಕಿಂದಲ್ಲರಿ ಸಾಹೇಬ್ರ. ಸಾಲಿ ಬಂದ್ ಆಗ್ಯದ, ಹುಡುಗರು ಗುಣಾಕಾರ ಮರೀಬಾರದಂತ ಬರ್ಯಾಕತ್ತೀನಿ. ಮೊದಲನೇದನ್ನ ಎರಡರಿಂದ ಗುಣಿಸ್ರಿ, ಎರಡನೇದು ಬರ್ತದ. ಮೂರರಿಂದ ಗುಣಿಸ್ರಿ, ಮೂರನೇದು. ಆರರ ತನಕ ಇವ ಅಂಕಿ ತಿರುಗ್ತಾವ. ಹೊರಗಿಂದು ಒಂದೂ ಬರಂಗಿಲ್ಲ.”

“ಏಳರಿಂದ?”

ಮಾಸ್ತರರು ಸೀಮೆಸುಣ್ಣವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡ ಗಡಿಗೆಪ್ಪ.

“ನಾ ಹೇಳಿದ್ರ ನೀವು ನಂಬಂಗಿಲ್ಲ,” ಎಂದರು ಕೊನೆಗೆ. “ನೀವ ಮಾಡಿ ನೋಡ್ರಿ.”

ಗಡಿಗೆಪ್ಪ ಸಾಲೆಯಲ್ಲಿ ಲೆಕ್ಕಕ್ಕೆ ಹೆಸರಾದವನು. ಅಮೀನನಾದ ಮೇಲೆ ಯಾರೂ ಅದನ್ನು ಕೇಳಿರಲಿಲ್ಲ, ಪಾಪ. ಸೀಮೆಸುಣ್ಣ ಕಿತ್ತುಕೊಂಡು ಗೋಡೆಗೆ ತಿರುಗಿದ. ಏಳೇಳ್ಲೆ ನಲವತ್ತೊಂಬತ್ತು, ಒಂಬತ್ತು ಬರೆದು ನಾಲ್ಕು ದಶಕ. ಮುಂದಿನದೂ ಒಂಬತ್ತು. ಅದರ ಮುಂದಿನದೂ. ಅವನ ಮೈ ಜುಮ್ಮೆಂದಿತು.

೯೯೯೯೯೯.

ಬಳೆ ಮಾರುವ ಲತೀಫಾ ಬುಟ್ಟಿ ಎತ್ತಿಕೊಂಡು ಹೊರಟಳು. ಎರಡು ಗಾಡಿಗಳೂ ಅವಳ ಹಿಂದೆಯೇ ಹೊರಟವು. ಬಿಸಿಲು ಏರಿತೆಂದು ಹೊರಟಿರಬೇಕು ಎಂದುಕೊಂಡ ಗಡಿಗೆಪ್ಪ. ಲೆಕ್ಕ ತಪ್ಪದ ಖುಷಿ ಅವನಿಗೆ.

ಆದರೂ ಪೊಲೀಸ್ ಬುದ್ಧಿ ಎಲ್ಲಿ ಹೋದೀತು? ಮಾಸ್ತರರನ್ನು ಠಾಣೆಗೆ ಕರೆದೊಯ್ದು ಒಳಗೆ ಕೂರಿಸಿದ.

“ಬರಿಯೋ ಕೈ ಒಳಗಿದ್ರ ನನಗೂ ನಿದ್ದಿ ಬರ್ತದ. ನಾಳಿ ಬಿಡ್ತೀನಿ.”

ಮಾಸ್ತರರು ಗೋಡೆಗೊರಗಿ ಕೂತರು.

ಸಂಜೆ ನಾಕಾ ಹೊತ್ತಿ ಉರಿಯಿತು.

ಮರುದಿನ ರಾಯಚೂರಿನಿಂದ ದೊಡ್ಡ ಸಾಹೇಬರೇ ಬಂದರು. ನಾಕಾದ ಬಳಿ ಸಿಕ್ಕಿಬಿದ್ದವನು ಒಬ್ಬನೇ, ಮಸರಕಲ್ಲಿನ ಸೂಗಪ್ಪ. ಮಾಸ್ತರರ ಮೇಲೆ ಹೊರಿಸಲು ದಾರಿಯಿರಲಿಲ್ಲ. ಬೆಂಕಿ ಬಿದ್ದಾಗ ಅವರು ಠಾಣೆಯಲ್ಲಿದ್ದರು, ಅದಕ್ಕೆ ಗಡಿಗೆಪ್ಪನೇ ಸಾಕ್ಷಿ.

“ಹುಕುಂ ಯಾರು ಕೊಟ್ಟರು?” ಕೇಳಿದರು ಸಾಹೇಬರು.

ಸೂಗಪ್ಪ ಗಡಿಗೆಪ್ಪನ ಮುಖವನ್ನೇ ನೋಡಿದ.

“ಪ್ಯಾಟಿ ಗ್ವಾಡಿ ಮ್ಯಾಲ ಬರೇ ಒಂಬತ್ತು ಬಿದ್ದ ದಿನ ಬೆಂಕಿ ಹಚ್ಚರಿ ಅಂದಿದ್ರುರಿ. ಬಿತ್ತು, ಹಚ್ಚಿದ್ವಿ. ಬರದವರು ಈ ಅಮೀನ ಸಾಹೇಬ್ರರಿ, ಸಂತಿ ಮಂದೆಲ್ಲ ನೋಡ್ಯಾರ.”