ಗಿಳಿಗೂಟದ ಅಂಗಿ

ತೊಟ್ಟು ಬಿಚ್ಚಿದ ಬಟ್ಟೆ ಒಗೆಯುವವರೆಗೂ ಮಾತಾಡುವುದು ಯಾರಿಗೂ ಹೊಸತಲ್ಲ. ಕೊನೆಯ ಸಲ ತೊಟ್ಟವರು ಅದು ಮೈಮೇಲಿದ್ದಾಗ ಆಡಿದ ಕೊನೆಯ ಮಾತನ್ನೇ ಅದು ಹೇಳುತ್ತಿರುತ್ತದೆ. ಗೋಡೆಯ ಗಿಳಿಗೂಟದಲ್ಲಿ ತೂಗುತ್ತಿದ್ದ, ತೀರಿಕೊಂಡ ಗಂಡನ ಅಂಗಿ ಹತ್ತು ದಿನದಿಂದ ಅವನ ದನಿಯಲ್ಲೇ ಅನ್ನುತ್ತಿತ್ತು: "ಇನ್ನೊಂದು ದಿನಕ್ಕಾಗುತ್ತೆ ಕಣೇ, ಒಗೀಬೇಡ." ಅದನ್ನು ಕೇಳಿಕೊಂಡೇ ವನಜಾಕ್ಷಿ ಜೀವ ಹಿಡಿದುಕೊಂಡಿದ್ದಳು.

ಹನ್ನೊಂದನೆಯ ದಿನ ಅತ್ತೆ ಬಕೆಟ್ ಹಿಡಿದು ಬಂದರು. "ಸೂತಕ ಕಳೀಬೇಕಮ್ಮ. ಮೈಲಿಗೆ ಬಟ್ಟೆ ಎಲ್ಲಾ ನೆನೆಹಾಕ್ಬೇಕು. ಅದನ್ನೂ ಕೊಡು."

ವನಜಾಕ್ಷಿ ಅಂಗಿಯನ್ನು ಗೂಟದಿಂದ ಎಳೆದು ಸೀರೆಯ ಮೇಲೆಯೇ ತೊಟ್ಟು ಗುಂಡಿ ಹಾಕಿಕೊಂಡಳು. "ಕೊಡಲ್ಲ ಅತ್ತೆ! ಸತ್ರೂ ಕೊಡಲ್ಲ!"

ಅತ್ತೆ ಕಣ್ಣೊರೆಸಿಕೊಂಡು ಹೊರಟುಹೋದರು. ಅವಳು ಅಂಗಿಯನ್ನು ಬಿಚ್ಚಿ ಮತ್ತೆ ಗೂಟಕ್ಕೆ ಹಾಕಿ, ಕಿವಿಗೊಟ್ಟು ನಿಂತಳು.

"ಕೊಡಲ್ಲ ಅತ್ತೆ!" ಅಂಗಿ ಅವಳದೇ ದನಿಯಲ್ಲಿ ಚೀರಿತು. "ಸತ್ರೂ ಕೊಡಲ್ಲ!"